ಬೂಟಿನೊಳಗೊಂದು ಕೈ

ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತವರು ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ಎಲ್ಲರ ಕಣ್ಣೂ ಕಾಲಿನ ಮೇಲೆಯೇ. ಯಾರ ಬ್ಯಾಂಡೇಜು ಪಾದದಲ್ಲೇ ನಿಂತಿದೆ, ಯಾರದ್ದು ಮೊಣಕಾಲಿನವರೆಗೆ ಬಂದಿದೆ ಎಂದು ನೋಡಿ, ಮನಸ್ಸಿನಲ್ಲೇ ತಮ್ಮದಕ್ಕೆ ಹೋಲಿಸಿಕೊಳ್ಳುತ್ತಾರೆ. ನಾನೂ ಹಾಗೆ ಹೋಲಿಸಿದವನೇ. ಮೊನ್ನೆ ಮಂಗಳೂರಿನ ಅದೇ ಬೆಂಚಿಗೆ ಕಾಲು ತೋರಿಸಲು ಹೋದಾಗ ಬೆಳ್ತಂಗಡಿ ಕಡೆಯ ರಿಕ್ಷಾ ಡ್ರೈವರೊಬ್ಬರು ಪಕ್ಕದಲ್ಲಿ ಕೂತಿದ್ದರು. ಹೊಸ ಬ್ಯಾಂಡೇಜು, ಹೊಸ ಹೆದರಿಕೆ. ನನ್ನ ಪಾದ ನೋಡುತ್ತ ಕೇಳಿದರು, "ನಿಮ್ಮದೂ ಕಾಲಾ?"

"ಹೌದು. ಎರಡು ಬೆರಳು ಹೋಗಿದೆ. ಪಾದ ಉಂಟು."

"ನಡೀಲಿಕ್ಕೆ ಆಗ್ತದಾ?"

"ಬಸ್ಸಿಳಿದು ನಡೆದುಕೊಂಡೇ ಬಂದದ್ದು."

ಆ ಮನುಷ್ಯ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಅವರ ಹೆಸರು ಕರೆದರು, ಒಳಗೆ ಹೋದರು. ಅವರಿಗೆ ಹೇಳಬೇಕೆಂದಿದ್ದದ್ದು ನನ್ನಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರು, ಗೆಳೆಯರ ಜೊತೆ ತುಳು. ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ. ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.

ನನ್ನ ಹುಟ್ಟೂರು ಬಂಟ್ವಾಳ. ಕೊಯ್ಲು ಮುಗಿದ ಗದ್ದೆಯಲ್ಲಿ ಪೈರಿನ ಕೂಳೆಯ ಮೇಲೆ ಬರಿಗಾಲಲ್ಲಿ ಚೆಂಡು ಒದ್ದು ಕಲಿತವನು. ಮದ್ರಸಕ್ಕೆ ಹೋಗುವ ಹೊತ್ತಿಗೆ ಗದ್ದೆಯಲ್ಲಿರುತ್ತಿದ್ದೆ. ಅದಕ್ಕಾಗಿ ಉಮ್ಮ, ಅಂದರೆ ಅಮ್ಮ, ಕೊಡುತ್ತಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಆಮೇಲೆ ಅದೇ ಕಾಲು ನನಗೆ ಅನ್ನ ಕೊಟ್ಟಿತು. ಗೋವಾದ ಒಂದು ಕ್ಲಬ್ಬು ನನ್ನನ್ನು ಸಂಬಳ ಕೊಟ್ಟು ಆಡಲು ಕರೆಸಿಕೊಂಡಿತು. ಬಲಗಡೆಯ ಅಂಚಿನಲ್ಲಿ ಓಡುವ ಆಟಗಾರ, ರೈಟ್ ವಿಂಗರ್. ಪೇಪರಿನಲ್ಲಿ ಹೆಸರು ಬಂದದ್ದೂ ಉಂಟು. ತಪ್ಪಾಗಿ ಅಚ್ಚು ಹಾಕಿದ್ದರು ಎನ್ನುವುದು ಬೇರೆ ಮಾತು.

ನನ್ನ ಜೊತೆಗೇ ಆ ಕ್ಲಬ್ಬಿಗೆ ಸೇರಿದವನು ವಾಮದಪದವಿನ ಜಯಂತ. ಅವನು ಡಿಫೆಂಡರ್. ಊರಿನ ಟೀಮಿನಲ್ಲೂ ಜೊತೆ, ಗೋವಾದಲ್ಲೂ ಒಂದೇ ಕೋಣೆ. ಆಗ ನಮಗೆ ಪಂದ್ಯಕ್ಕೆ ಒಳ್ಳೆಯ ಬೂಟು ಇದ್ದರೂ ಪ್ರಾಕ್ಟೀಸಿಗೆ ಹಳೆಯ ಚರ್ಮದ ಬೂಟೇ. ಅದರ ಅಡಿಯಲ್ಲಿ ಜಾರದಂತೆ ಹಿಡಿಯುವ ಗುಂಡಿಗಳಂಥ ಸ್ಟಡ್ಡುಗಳನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಗಟ್ಟಿ ನೆಲದಲ್ಲಿ ಆಡಿ ಆಡಿ ಸ್ಟಡ್ಡು ಸವೆದರೆ ಮೊಳೆ ಒಳಗಡೆಗೆ ತಲೆ ಎತ್ತುತ್ತಿತ್ತು. ಅದಕ್ಕೆ ನಮ್ಮ ಕೋಚ್ ಒಂದು ಕಟ್ಟುನಿಟ್ಟು ಮಾಡಿದ್ದರು. ಯಾರೂ ತಮ್ಮ ಬೂಟನ್ನು ತಾವೇ ನೋಡಿಕೊಳ್ಳುವಂತಿಲ್ಲ. ಆಡುವ ಆಸೆ ಇರುವವನು ಮೊಳೆ ಇದ್ದರೂ ಇಲ್ಲವೆನ್ನುತ್ತಾನೆ ಎಂದು ಅವರ ವಾದ. ಜೊತೆಗಾರ ಒಳಗೆ ಕೈ ಹಾಕಿ, ತುದಿಯವರೆಗೆ ಸವರಿ, "ಆಯ್ತು" ಎಂದ ಮೇಲೆಯೇ ಕಾಲು ತೂರಿಸಬೇಕು.

ನನ್ನ ಬೂಟು ನೋಡುವವನು ಜಯಂತ, ಅವನದ್ದು ನಾನು. ನಾನು ಒಮ್ಮೆ ಕೈ ಆಡಿಸಿ ಕೊಟ್ಟುಬಿಡುತ್ತಿದ್ದೆ. ಅವನು ಹೆಣ್ಣು ನೋಡಲು ಬಂದ ಗಂಡಿನ ಮನೆಯ ಹಿರಿಯರ ಹಾಗೆ, ನಿಧಾನಕ್ಕೆ, ಮೂಲೆ ಮೂಲೆ ಪರಿಶೀಲಿಸಿ, ಕೊನೆಗೆ ಗಂಭೀರವಾಗಿ "ಆಯ್ತು" ಎನ್ನುತ್ತಿದ್ದ. ನಾನು ಸಿಡಿಮಿಡಿಗುಟ್ಟುತ್ತಿದ್ದೆ. ಅವನ ಮೊಣಕಾಲು ಕೈಕೊಟ್ಟು ಅವನು ಊರಿಗೆ ಮರಳಿ ದಿನಸಿ ಅಂಗಡಿ ಹಾಕಿದ ಮೇಲೆ ಬೇರೆ ಯಾರೋ ನನ್ನ ಬೂಟು ನೋಡಿದರು. ಅವರ ಕೈ ನನಗೆ ನೆನಪೇ ಇಲ್ಲ.

ಕೆಲವು ವರ್ಷಗಳಲ್ಲಿ ನನಗೂ ವಯಸ್ಸಾಯಿತು, ಅಂದರೆ ಫುಟ್ಬಾಲಿನ ವಯಸ್ಸು. ಕ್ಲಬ್ಬು ಕೈಕುಲುಕಿ ಕಳಿಸಿತು. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ, ಶೂಗಳ ಅಂಗಡಿ ತೆರೆದೆ. ತೊಂಬತ್ತರ ದಶಕದ ನಡುಭಾಗ ಅದು. ಕಾಲೇಜುಗಳು ಬೆಳೆಯುತ್ತಿದ್ದವು, ಎಲ್ಲೆಲ್ಲಿಂದಲೋ ವಿದ್ಯಾರ್ಥಿಗಳು ಬರುತ್ತಿದ್ದರು, ಎಲ್ಲರಿಗೂ ಕಾಲುಗಳಿದ್ದವು. ವ್ಯಾಪಾರ ಕುದುರಿತು. ಗಿರಾಕಿಯ ಕಾಲು ನೋಡಿಯೇ ಅಳತೆ ಹೇಳುವಷ್ಟು ಪಳಗಿದೆ. ಕೆಲವು ವರ್ಷದಲ್ಲಿ ಬೆಳ್ತಂಗಡಿಯಲ್ಲೂ ಒಂದು ಅಂಗಡಿಯಾಯಿತು. ನಾನು ಮಾತ್ರ ಅಂಗಡಿಯೊಳಗೆ ಬರಿಗಾಲು. ದುಡಿಮೆಯ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಬರಬಾರದು ಎಂದು ಚಿಕ್ಕಂದಿನಿಂದ ಕಲಿತದ್ದು. ಚಪ್ಪಲಿ ಅಂಗಡಿಯವನೇ ಚಪ್ಪಲಿ ಹಾಕುವುದಿಲ್ಲ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು.

ಈಗ ನನ್ನ ದೊಡ್ಡ ಜಂಬದ ವಿಷಯ ಹೇಳಬೇಕು. ನಮ್ಮ ಮಸೀದಿಯ ಅಂಗಳಕ್ಕೆ ಕಲ್ಲು ಹಾಸಿದ್ದಾರೆ. ಬೇಸಿಗೆಯ ಶುಕ್ರವಾರ, ನಮಾಜು ಮುಗಿದು ಹೊರಬರುವಾಗ ಆ ಕಲ್ಲು ಕಾವಲಿಯಂತೆ ಕಾದಿರುತ್ತದೆ. ಚಪ್ಪಲಿ ಇರುವುದು ಗೇಟಿನ ಬಳಿ. ಎಳೆಯರು, ಮುದುಕರು, ಹಾಜಿಗಳು, ಎಲ್ಲರೂ ಕುಣಿಯುತ್ತ ಓಡುತ್ತಾರೆ. ನಾನೊಬ್ಬ ಆರಾಮವಾಗಿ, ಕೈ ಹಿಂದೆ ಕಟ್ಟಿ, ಸಲಾಮು ಹೇಳುತ್ತ ನಡೆದು ಹೋಗುತ್ತಿದ್ದೆ. "ಆಟಗಾರನ ಕಾಲಲ್ವಾ, ಕಬ್ಬಿಣ!" ಎಂದು ಜನ ಹೊಗಳುತ್ತಿದ್ದರು. ನಾನು ಇನ್ನಷ್ಟು ನಿಧಾನ ಮಾಡುತ್ತಿದ್ದೆ. ಆ ಕಲ್ಲು ನನಗೆ ಸುಡುವುದು ಯಾವಾಗ ನಿಂತಿತೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಬೆಳ್ತಂಗಡಿಯಲ್ಲಿ ಒಂದು ಆಗಸ್ಟಿನಲ್ಲಿ ಹಳೆಯ ಆಟಗಾರರ ಪಂದ್ಯ ಇಟ್ಟರು. ಆಗ ನನಗೆ ಸಣ್ಣ ಹೊಟ್ಟೆ ಬಂದಿತ್ತು, ನಾಲಿಗೆ ಯಾವಾಗಲೂ ಒಣಗುತ್ತಿತ್ತು, ಅದನ್ನು ವ್ಯಾಪಾರದ ಮಾತಿನ ಮೇಲೆ ಹಾಕಿದ್ದೆ. ಅಟ್ಟದಿಂದ ಗೋವಾದ ಹಳೆಯ ಬೂಟು ಇಳಿಸಿದೆ. ಅಂಗಡಿಯ ತುಂಬ ಹೊಸ ಬೂಟುಗಳಿದ್ದವು, ಆದರೆ ಅವುಗಳಲ್ಲಿ ನನ್ನ ಆಟ ಇರಲಿಲ್ಲ ಅಂದುಕೊಂಡೆ. ಜಯಂತ ಮೊಣಕಾಲಿನಿಂದಾಗಿ ಆಡುವಂತಿರಲಿಲ್ಲ, ನೋಡಲು ಬಂದು ಚಪ್ಪರದಲ್ಲಿ ಕೂತಿದ್ದ. ನಾನು ಪಕ್ಕದಲ್ಲಿ ಕೂತು ಚೀಲದಿಂದ ಬೂಟು ತೆಗೆದದ್ದೇ ತಡ, ಹಳೆಯ ಅಭ್ಯಾಸದಲ್ಲಿ ಕೈ ಚಾಚಿದ.

"ಕೊಡು, ನೋಡುವ."

"ಈಗ ಎಂತದು ಮಾರಾಯ ಪರೀಕ್ಷೆ! ನಮ್ಮನ್ನು ನೋಡಲಿಕ್ಕೆ ಬಂದದ್ದೇ ಹತ್ತು ಜನ," ಎಂದು ನಗುತ್ತ ಕಾಲು ತೂರಿಸಿದೆ.

ಅವನು ಕೈ ಹಿಂದೆಗೆದುಕೊಂಡ. ನಾನು ಎರಡೂ ಅವಧಿ ಆಡಿದೆ, ಒಂದು ಗೋಲೂ ಹೊಡೆದೆ. ಎಲ್ಲಿಯೂ ನೋವಿಲ್ಲ. ಮನೆಗೆ ಬಂದು ಕಾಲುಚೀಲ ತೆಗೆಯುವಾಗ ಹೆಂಡತಿ ಸಫಿಯಾ ಚಹಾ ತಂದವಳು ಲೋಟವನ್ನು ನೆಲದ ಮೇಲೆ ಇಟ್ಟುಬಿಟ್ಟಳು. ಬಿಳಿ ಕಾಲುಚೀಲ ಪೂರ್ತಿ ಕೆಂಪಾಗಿತ್ತು. ಆಡಿದಷ್ಟು ಹೊತ್ತೂ ಬಲಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಮೊಳೆ ಚುಚ್ಚಿಕೊಂಡೇ ಇತ್ತು.

"ನಿಮಗೆ ಗೊತ್ತೇ ಆಗಲಿಲ್ವಾ?" ಎಂದಳು.

"ಆಟದ ಉಮೇದಿನಲ್ಲಿ ಗೊತ್ತಾಗುವುದಿಲ್ಲ," ಎಂದೆ. ಅದನ್ನು ನಾನೇ ನಂಬಿದ್ದೆ. ಅರಿಶಿನ ಹಚ್ಚಿದೆವು, ಮುಲಾಮು ಹಚ್ಚಿದೆವು. ಗಾಯ ಮುಚ್ಚುವ ಬದಲು ಅಗಲವಾಯಿತು, ವಾಸನೆ ಬಂತು, ಪಕ್ಕದ ಬೆರಳು ಕಪ್ಪಾಗತೊಡಗಿತು. ನೋವು ಮಾತ್ರ ಇಲ್ಲ. ನೋವಿಲ್ಲದ ಕಾರಣಕ್ಕೇ ನಾನು ಅಂಗಡಿಗೆ ಹೋಗುತ್ತಲೇ ಇದ್ದೆ. ಕೊನೆಗೆ ಸಫಿಯಾ ಅಂಗಡಿಗೇ ಬಂದು, ಗಿರಾಕಿಗಳ ಎದುರೇ, "ಇವತ್ತು ಬಾಗಿಲು ಹಾಕಿ" ಎಂದಳು. ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

ಮೂಡುಬಿದಿರೆಯ ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಕಳಿಸಿದರು, ಫಲಿತಾಂಶ ನೋಡಿ ಕನ್ನಡಕ ತೆಗೆದಿಟ್ಟರು. ಶುಗರ್ ಯಾವಾಗಿನಿಂದಲೋ ಇದ್ದಿರಬೇಕು ಎಂದರು. ಆಮೇಲೆ ಒಂದು ನೂಲಿನಂಥ ಎಳೆ ಕೈಗೆತ್ತಿಕೊಂಡು, "ಕಣ್ಣು ಮುಚ್ಚಿ. ಪಾದಕ್ಕೆ ಮುಟ್ಟಿಸ್ತೇನೆ, ಮುಟ್ಟಿದಾಗೆಲ್ಲ ಹೇಳಿ," ಎಂದರು.

ಕಣ್ಣು ಮುಚ್ಚಿ ಕೂತೆ. ಕಾದೆ. ಫ್ಯಾನಿನ ಸದ್ದು, ಹೊರಗೆ ಬಸ್ಸಿನವ ಕೂಗುವುದು, ಎಲ್ಲ ಕೇಳುತ್ತಿತ್ತು. ಡಾಕ್ಟರಮ್ಮ ಮಾತ್ರ ಏನೂ ಮಾಡುತ್ತಿರಲಿಲ್ಲ.

"ಶುರು ಮಾಡಿ ಡಾಕ್ಟ್ರೇ," ಎಂದೆ.

"ಮುಗೀತು," ಎಂದರು ಅವರು, ಬಹಳ ಮೆತ್ತಗೆ.

ಕಣ್ಣು ಬಿಟ್ಟೆ. ಸಫಿಯಾ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಎಳೆ ನನ್ನ ಪಾದದ ಮೇಲೆಲ್ಲ ಓಡಾಡಿದ್ದನ್ನು ಅವಳು ನೋಡಿದ್ದಳು. ಮಸೀದಿಯ ಅಂಗಳ ನನಗೆ ನೆನಪಾದದ್ದು ಆಗ. ಜನ ಹೊಗಳುತ್ತಿದ್ದದ್ದು ನನ್ನ ಕಾಯಿಲೆಯನ್ನು.

ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿನ ಸರ್ಜನ್ ಸಣ್ಣ ವಯಸ್ಸಿನವರು, ಮಾತು ಕಡಿಮೆ. "ಎರಡು ಬೆರಳು ಉಳಿಯುವುದಿಲ್ಲ. ಅದನ್ನು ತೆಗೆದು ನೋಡುವ. ಹುಣ್ಣು ಅಲ್ಲಿಗೇ ನಿಂತರೆ ಪಾದ ಉಳೀತದೆ. ಇಲ್ಲದಿದ್ದರೆ..." ಎಂದು ನನ್ನ ಮೊಣಕಾಲಿನ ಕೆಳಗೆ ಕೈಯಂಚು ಇಟ್ಟು ತೋರಿಸಿದರು. ಅವರ ಕೈ ತಣ್ಣಗಿತ್ತು. ಅಲ್ಲಿ ನನಗೆ ಚೆನ್ನಾಗಿಯೇ ಗೊತ್ತಾಯಿತು.

ಹೆದರಿದೆ. ಅದನ್ನು ಮುಚ್ಚಿಡುವುದಿಲ್ಲ. ಸಾಯುವ ಹೆದರಿಕೆ ಅಲ್ಲ. ಬಲಗಾಲು ಇಲ್ಲದ ನಾನು ಯಾರು ಎನ್ನುವ ಹೆದರಿಕೆ. ಗಂಡ, ಅಪ್ಪ, ವ್ಯಾಪಾರಿ, ಎಲ್ಲ ಆಮೇಲೆ ಬಂದದ್ದು. ಮೊದಲು ಬಂದದ್ದು ಆ ಕಾಲು.

ಬಂಟ್ವಾಳದಿಂದ ಉಮ್ಮ ಬಂದರು. ಬಾಟಲಿಯಲ್ಲಿ ಕುರಾನ್ ಓದಿ ಊದಿಸಿದ ನೀರು, ಕೈಯಲ್ಲಿ ತಸ್ಬಿ ಮಣಿಸರ. ಹಾಸಿಗೆಯ ಕಾಲಬುಡದಲ್ಲಿ ಕೂತವರು ಅಲ್ಲಿಂದ ಏಳಲೇ ಇಲ್ಲ. ಬ್ಯಾಂಡೇಜಿನ ಮೇಲೆ ಕೈಯಿಟ್ಟು ಅಳುತ್ತ ಹೇಳಿದರು, "ನಾನೇ ಹೇಳಿದ್ದು ಮಗಾ. ಮದ್ರಸ ಬಿಟ್ಟು ಗದ್ದೆಗೆ ಓಡುವಾಗ, ನಿನ್ನ ಕಾಲು ಮುರಿದುಹೋಗಲಿ ಅಂತ ಎಷ್ಟು ಸಲ ಹೇಳಿದ್ದೇನೆ. ಯಾವ ಗಳಿಗೆಯಲ್ಲಿ ಹೇಳಿದೆನೋ."

"ಉಮ್ಮ, ನೀವು ಮುರೀಲಿ ಅಂದದ್ದು. ಇದು ಮುರಿದದ್ದಲ್ಲ," ಎಂದೆ. ಅವರಿಗೆ ನಗು ಬರಲಿಲ್ಲ.

ಸಫಿಯಾ ತಾನು ಮೊದಲೇ ಗಟ್ಟಿಯಾಗಿ ಹೇಳಬೇಕಿತ್ತು ಎನ್ನುತ್ತಿದ್ದಳು. ಹೈಸ್ಕೂಲಿನಲ್ಲಿದ್ದ ಮಗಳು ಶಮೀಮಾ, ಹಬ್ಬಕ್ಕೆ ತಾನು ಹಟ ಮಾಡಿ ನನಗೆ ಪಾಯಸ ತಿನ್ನಿಸಿದ್ದನ್ನು ನೆನೆಸಿಕೊಂಡು ಮೂಲೆಯಲ್ಲಿ ಅಳುತ್ತಿದ್ದಳು. ಕಾಲು ಒಂದು, ಅಪರಾಧಿಗಳು ಮನೆ ತುಂಬ. ಕಾಯಿಲೆ ಬಿದ್ದವನ ಅರ್ಧ ಕೆಲಸ ಉಳಿದವರನ್ನು ಸಮಾಧಾನ ಮಾಡುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಅದೂ ಒಂದು ಉಪಕಾರವೇ. ಅಷ್ಟು ಹೊತ್ತು ನನ್ನ ಹೆದರಿಕೆ ಮರೆತುಹೋಗುತ್ತಿತ್ತು.

ಬಾರದೇ ಇದ್ದವನು ಜಯಂತ ಒಬ್ಬನೇ. ಊರಿನವರೆಲ್ಲ ಬಂದರು, ಬೆಳ್ತಂಗಡಿಯ ಅಂಗಡಿಯವರು ಬಂದರು, ನಮಗೆ ಶೂ ಕಳಿಸುವ ಕಂಪೆನಿಯ ಏಜೆಂಟರೂ ಹಣ್ಣು ಹಿಡಿದು ಬಂದರು. ವಾರ್ಡಿನ ಬಾಗಿಲು ತೆರೆದಾಗೆಲ್ಲ ನಾನು ಕುತ್ತಿಗೆ ಎತ್ತುತ್ತಿದ್ದೆ. ನನಗೆ ಬೇಸರವಾಯಿತು, ಆಮೇಲೆ ಸಿಟ್ಟು ಬಂತು. ಆಪರೇಷನ್ನಿನ ಹಿಂದಿನ ದಿನ ಸಫಿಯಾ ನನಗೆ ಹೇಳದೆ ಕೆಳಗಿನ ಎಸ್‌ಟಿಡಿ ಬೂತಿನಿಂದ ಅವನ ಅಂಗಡಿಗೆ ಫೋನ್ ಮಾಡಿದಳು. ಏನು ಹೇಳಿದಳೆಂದು ಬಹಳ ಕಾಲದ ನಂತರ ತಿಳಿಯಿತು. "ಜಯಣ್ಣ, ಅವರು ಬಾಗಿಲು ನೋಡ್ತಾ ಇದ್ದಾರೆ," ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು.

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಜಯಂತ ಬಂದ. ಹಾಸಿಗೆಯ ಹತ್ತಿರ ಬರದೆ ಬಾಗಿಲಲ್ಲೇ ನಿಂತ.

"ಎಂತ ಮಾರಾಯ, ಈಗ ಪುರುಸೊತ್ತಾಯ್ತಾ?" ಎಂದೆ.

"ನಾನು ಕಿತ್ತುಕೊಂಡು ನೋಡ್ಬೇಕಿತ್ತು ಹಮೀದ್," ಎಂದ ಅವನು. "ಕೈ ಚಾಚಿದ್ದೆ ಅಲ್ವಾ. ನೀನು ಬೇಡ ಅಂದ ಕೂಡಲೇ ಹಿಂದೆ ತೆಗೆದೆ. ಗೋವಾದಲ್ಲಿ ನೀನು ಎಷ್ಟು ಬೈದರೂ ನಾನು ಬಿಡ್ತಿರಲಿಲ್ಲ. ಅವತ್ತು ಯಾಕೆ ಬಿಟ್ಟೆ ಅಂತ ಗೊತ್ತಾಗ್ತಾ ಇಲ್ಲ."

ಅಷ್ಟು ದೊಡ್ಡ ಗಂಡಸು, ಎದುರಾಳಿಗಳನ್ನು ಭುಜದಲ್ಲೇ ಬೀಳಿಸುತ್ತಿದ್ದವನು, ಅಲ್ಲಿ ನಿಂತು ಅತ್ತ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಡಾಕ್ಟರಮ್ಮ ಹೇಳಿದ್ದನ್ನು ಅವನಿಗೆ ಹೇಳಿದೆ. ಮೊಳೆ ಇಲ್ಲದಿದ್ದರೆ ಒಂದು ಕಲ್ಲು, ಅದಿಲ್ಲದಿದ್ದರೆ ಮುಳ್ಳು. ಕಾಲು ಮೊದಲೇ ಹೇಳುವುದನ್ನು ಬಿಟ್ಟಿತ್ತು. ಅವನು ತಲೆಯಾಡಿಸಿದ, ಆದರೆ ನಂಬಿದಂತೆ ಕಾಣಲಿಲ್ಲ. ಸ್ಟ್ರೆಚರಿನಲ್ಲಿ ನನ್ನನ್ನು ಒಯ್ಯುವಾಗ ಬಾಗಿಲಿನವರೆಗೂ ನನ್ನ ಎಡಗಾಲಿನ ಪಾದ ಹಿಡಿದುಕೊಂಡು ಬಂದ. ಹಿಡಿದದ್ದು ನನಗೆ ಕಂಡಿತು, ಅಷ್ಟೇ.

ನಮ್ಮಲ್ಲಿ ದೇಹದಿಂದ ಬೇರೆಯಾದ ಭಾಗವನ್ನು ಎಸೆಯುವುದಿಲ್ಲ, ಮಣ್ಣು ಮಾಡುತ್ತಾರೆ. ಬೆರಳುಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಸಫಿಯಾ ನನ್ನನ್ನು ಬಿಟ್ಟು ಹೋಗುವಂತಿರಲಿಲ್ಲ, ಉಮ್ಮನಿಗೆ ಒಬ್ಬರೇ ಅಷ್ಟು ದೂರ ಹೋಗುವ ಪ್ರಾಯವಲ್ಲ. ಜಯಂತ ಕೈ ಚಾಚಿದ. "ಕೊಡಿ, ನಾನು ತಲುಪಿಸ್ತೇನೆ."

"ನೀವಾ ಜಯಣ್ಣ?" ಎಂದಳಂತೆ ಸಫಿಯಾ.

"ಅವನ ಬ್ಯಾಗು ಗೋವಾದಿಂದ ಎಷ್ಟು ಸಲ ಹೊತ್ತಿದ್ದೇನೆ. ಇದೆಂತ ಭಾರವಾ?"

ಬಾಡಿಗೆ ಕಾರು ಮಾಡಿ, ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಮೂಡುಬಿದಿರೆಯವರೆಗೆ ಹೋದ. ಕಾರಿನವ ದಾರಿಯಲ್ಲಿ ಅದೇನೆಂದು ಕೇಳಿದನಂತೆ. "ರೈಟ್ ವಿಂಗರ್," ಎಂದನಂತೆ ಜಯಂತ. ಮಸೀದಿಯವರಿಗೆ ಮೊದಲೇ ಹೇಳಿದ್ದೆವು. ಕೊನೆಗಾಲದಲ್ಲಿ ನಮ್ಮ ಮನೆಯಲ್ಲಿದ್ದು ತೀರಿಹೋದ ಉಪ್ಪನ, ಅಂದರೆ ಅಪ್ಪನ, ಕಬರಿನ ಪಕ್ಕದಲ್ಲಿ ಸಣ್ಣ ಗುಂಡಿ ತೋಡಿದರು. ಅವನು ಚಪ್ಪಲಿ ಕಳಚಿ ಕಬರಸ್ತಾನದ ಗೋಡೆಯ ಹೊರಗೆ, ಮಣ್ಣು ಮುಚ್ಚುವವರೆಗೆ ನಿಂತಿದ್ದ. ಈಗಲೂ ಹೇಳುತ್ತೇನೆ, ಬಸ್ಸಿಗೆ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ನನ್ನ ಎರಡು ಬೆರಳು ಮೊದಲೇ ಹೋಗಿ ಉಪ್ಪನ ಪಕ್ಕ ಜಾಗ ಹಿಡಿದಿವೆ. ಸಫಿಯಾಳಿಗೆ ಈ ತಮಾಷೆ ಹಿಡಿಸುವುದಿಲ್ಲ.

ಆಮೇಲಿನ ದಿನಗಳು ಕಾಯುವ ದಿನಗಳು. ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ನಾನು ಗೋಡೆ ನೋಡುತ್ತಿದ್ದೆ. ನೋಡುವ ಧೈರ್ಯ ಸಫಿಯಾಳದ್ದು. ಹುಣ್ಣು ಏರುತ್ತಿದೆಯೋ ನಿಂತಿದೆಯೋ ಎಂದು ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಬಗ್ಗಿದವರು, "ಕೆಂಪು ಬಂದಿದೆ. ಕೆಂಪು ಒಳ್ಳೆಯದು ಅಣ್ಣಾ, ಪಾದ ನಿಲ್ತದೆ," ಎಂದರು. ಉಮ್ಮ ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಸುಜೂದು ಬಿದ್ದರು. ನಾನು ಗೋಡೆ ನೋಡುತ್ತಲೇ ಇದ್ದೆ, ಆದರೆ ಗೋಡೆ ಕಾಣುತ್ತಿರಲಿಲ್ಲ.

ಗುಣವಾಯಿತು ಎನ್ನುವುದಿಲ್ಲ. ಇದರ ಜೊತೆ ಸಂಸಾರ ಮಾಡಲು ಕಲಿತೆ. ಬೆರಳಿನ ಜಾಗಕ್ಕೆ ಮೆತ್ತೆಯಿಟ್ಟು, ಮುಂದೆ ಮುಚ್ಚಿದ ಮೃದು ಚಪ್ಪಲಿ ಮಾಡಿಸಿಕೊಂಡೆ, ಅಂಗಡಿಯೊಳಗೂ ಅದನ್ನು ಬಿಚ್ಚುವುದಿಲ್ಲ. ಅಂಥ ಚಪ್ಪಲಿ ನಮ್ಮ ಅಂಗಡಿಯಲ್ಲೂ ಇಟ್ಟೆ. ಗಿರಾಕಿಗಳಿಗೆ "ಕಾಲು ಜೋಮು ಹಿಡಿಯುವುದುಂಟಾ?" ಎಂದು ಕೇಳಿ, ಹೌದೆಂದವರನ್ನು ಡಾಕ್ಟರಮ್ಮನ ಹತ್ತಿರ ಓಡಿಸುತ್ತೇನೆ. ಕೆಲವರು ಬೈದುಕೊಂಡೇ ಹೋಗಿದ್ದಾರೆ, ಆಮೇಲೆ ಹಣ್ಣು ಹಿಡಿದು ಬಂದಿದ್ದಾರೆ. ಪ್ರತಿ ಬೆಳಿಗ್ಗೆ ನನ್ನ ಚಪ್ಪಲಿಯೊಳಗೆ ಸಫಿಯಾ ಕೈ ಹಾಕಿ ನೋಡಿ ಕೊಡುತ್ತಾಳೆ. ಕೋಚಿನ ಕಟ್ಟುನಿಟ್ಟನ್ನು ನಾನೇ ಅವಳಿಗೆ ಹೇಳಿದ್ದು. ಒಂದು ದಿನ ಅದರೊಳಗೆ ಶಮೀಮಾಳ ಪೆನ್ಸಿಲಿನ ಮುರಿದ ಮೊನೆ ಸಿಕ್ಕಿತು. ಸಫಿಯಾ ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಇನ್ನೊಂದು ಚಪ್ಪಲಿಗೆ ಕೈ ಹಾಕಿದಳು.

ಶಮೀಮಾ ಡಿಗ್ರಿ ಮುಗಿಸಿದ ಬೇಸಿಗೆಯಲ್ಲಿ ಅವಳ ನಿಕಾಹ್. ಅದೇ ಮಸೀದಿ, ಮಧ್ಯಾಹ್ನದ ನಮಾಜಿನ ನಂತರ. ಗೇಟಿನಿಂದ ಮೆಟ್ಟಿಲಿನವರೆಗೆ ನನಗಾಗಿ ಒಂದು ಚಾಪೆ ಹಾಸಿದ್ದರು, ಅದರ ಮೇಲೆ ನಡೆದು ಒಳಗೆ ಹೋದೆ. ಮದುಮಗನ ಕೈ ನನ್ನ ಕೈಯಲ್ಲಿಟ್ಟರು. ಮಗಳನ್ನು ಒಪ್ಪಿಸುವ ಮಾತನ್ನು ಎರಡು ಸಲ ಹೇಳಬೇಕಾಯಿತು.

ಹೊರಗೆ ಬಂದರೆ ಚಾಪೆ ಇಲ್ಲ. ಯಾರೋ ಊಟದ ಚಪ್ಪರಕ್ಕೆ ಒಯ್ದಿದ್ದರು. ನೆತ್ತಿಯ ಮೇಲೆ ಸೂರ್ಯ. ಹೊಸ ಅಂಗಿಯ ಹುಡುಗರೆಲ್ಲ ಕುಣಿಯುತ್ತ ಗೇಟಿಗೆ ಓಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತೆ. ಕಲ್ಲು ನನ್ನನ್ನು ಸುಟ್ಟರೂ ನನಗೆ ತಿಳಿಯುವುದಿಲ್ಲ ಎಂದು ಈಗ ಗೊತ್ತಿದೆ, ಆದ್ದರಿಂದ ಒಂದು ಹೆಜ್ಜೆಯೂ ಇಡಲಿಲ್ಲ.

ಗೇಟಿನಾಚೆ ಮರದ ನೆರಳಲ್ಲಿ ಕೂತಿದ್ದ ಜಯಂತ ನನ್ನನ್ನು ನೋಡಿದ. ಎದ್ದ. ಶೂ ಕಳಚಿದ, ಚಪ್ಪಲಿಗಳ ರಾಶಿಯಿಂದ ನನ್ನದನ್ನು ಹುಡುಕಿ ತೆಗೆದ, ಬರಿಗಾಲಲ್ಲಿ ಆ ಕಾದ ಕಲ್ಲಿನ ಮೇಲೆ ಕುಂಟುತ್ತ, ಹಾರುತ್ತ ಬಂದ. ಮೆಟ್ಟಿಲಿನ ಬುಡದಲ್ಲಿ, ಮೊಣಕಾಲು ಬಗ್ಗದಿದ್ದರೂ ಹೇಗೋ ಕುಕ್ಕರಗಾಲಲ್ಲಿ ಕೂತು, ಒಂದು ಚಪ್ಪಲಿಯೊಳಗೆ ಕೈ ಹಾಕಿದ. ತುದಿಯವರೆಗೆ ಸವರಿದ. ಇನ್ನೊಂದಕ್ಕೆ ಹಾಕಿದ. ಅಂಗಾಲು ಸುಡುತ್ತಿದ್ದರೂ ಅವಸರ ಮಾಡಲಿಲ್ಲ.

"ಆಯ್ತು," ಎಂದ. "ಹಾಕು."

ಹಾಕಿಕೊಂಡೆ. ಅವನ ಭುಜ ಹಿಡಿದು ಅಂಗಳ ದಾಟಿದೆ. ಅವನು ಹೆಜ್ಜೆಗೊಮ್ಮೆ "ಅಯ್ಯಯ್ಯೋ, ಎಂತ ಬಿಸಿ ಮಾರಾಯ" ಎನ್ನುತ್ತಿದ್ದ. ಆ ಕಲ್ಲು ಎಷ್ಟು ಕಾಯುತ್ತದೆಂದು ಇಷ್ಟು ವರ್ಷಗಳ ಮೇಲೆ ನನಗೆ ಅವನ ಭುಜದಿಂದ ತಿಳಿಯಿತು.

ಗೇಟಿನ ಹತ್ತಿರ ಅವನ ಶೂ ಬಿದ್ದಿತ್ತು. ಮದುವೆಗೆಂದು ತೆಗೆದುಕೊಂಡ ಹೊಸದು, ನಮ್ಮ ಅಂಗಡಿಯದ್ದೇ. ಕಾಲು ತೂರಿಸಲು ಹೊರಟವನನ್ನು ತಡೆದೆ.

"ನಿಲ್ಲು. ಕೊಡು ಇಲ್ಲಿ."

"ಹೊಸದು ಮಾರಾಯ ಅದು!"

ನಾನು ಬಗ್ಗಿ, ಒಳಗೆ ಕೈ ಹಾಕಿ, ಅವನು ಮಾಡುತ್ತಿದ್ದ ಹಾಗೆಯೇ ನಿಧಾನಕ್ಕೆ, ಮೂಲೆ ಮೂಲೆ ಸವರಿದೆ. ಊಟಕ್ಕೆ ಕರೆಯುತ್ತಿದ್ದರು. ಯಾರೋ ಹಿಂದಿನಿಂದ ದಾರಿ ಬಿಡಿ ಎಂದರು. ಎರಡೂ ನೋಡಿ ಮುಗಿಸಿ ಅವನ ಕಾಲಿನ ಮುಂದೆ ಜೋಡಿಸಿಟ್ಟೆ.

"ಆಯ್ತು," ಎಂದೆ.